ಪಗೋಡೆ ಅಂದರೆ ಗುಡಿಯೋ, ನಾಣ್ಯವೋ?

ಬೆಳಗ್ಗೆ ಚಾವಿ ತಿರುಗಿಸಿ, ಅಲಮಾರು ತೆರೆದು, ಇಸ್ತ್ರಿ ಅಂಗಿಯ ತೋಳು ಮಡಚಿ ಗಲ್ಲದ ಮುಂದೆ ಕೂರುವ ಹಂಪನಕಟ್ಟೆಯ ವ್ಯಾಪಾರಿ ಬೋಣಿ ಆಗುವ ಮೊದಲೇ ಮೂರು ಪೋರ್ಚುಗೀಸ್ ಶಬ್ದ ಖರ್ಚು ಮಾಡಿರುತ್ತಾರೆ. ಪಾದ್ರಿ, ಇಗರ್ಜಿ, ಮೇಸ್ತ್ರಿ, ಬಟಾಟೆ ಕೂಡ ಅದೇ ಹಡಗಿನಲ್ಲಿ ಬಂದವು. ಶಬ್ದ ಉಳಿಯಿತು, ಭಾಷೆ ಓದಬಲ್ಲವರು ಊರಲ್ಲಿ ಅಪರೂಪ.

ಅದರಿಂದ ನಮಗೆಂತ ನಷ್ಟ ಅಂತೀರಾ? ಉಂಟು ಮಾರಾಯ್ರೇ.

ಬಸ್ಸಿನಲ್ಲಿ ಗೋವಾದ ಇಂಕ್ವಿಸಿಷನ್ ಮಾತು ಬಂತೋ, ಇಳಿಯುವ ಸ್ಟಾಪು ಮರೆತು ಜಗಳ. ಒಬ್ಬರು ಲಕ್ಷಗಟ್ಟಲೆ ಜನ ಸತ್ತರೆನ್ನುತ್ತಾರೆ, ಇನ್ನೊಬ್ಬರು ಏನೂ ಆಗಲೇ ಇಲ್ಲವೆನ್ನುತ್ತಾರೆ. ಇಬ್ಬರೂ ಒಂದು ಹಾಳೆ ನೋಡಿದವರಲ್ಲ. 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಮುಚ್ಚಿದ ನ್ಯಾಯಸ್ಥಾನ ಅದು. ಮತಾಂತರಗೊಂಡ ಕ್ರೈಸ್ತರ ಮನೆಯ ತುಳಸಿ, ಮದುವೆಯ ವೀಳ್ಯ ಅಡಿಕೆಗೂ 1736ರಲ್ಲಿ ಅದು ನಿಷೇಧ ಹಾಕಿತು. ವಿಚಾರಣೆಯ ಬಹುಪಾಲು ಕಾಗದ ಸುಟ್ಟುಹೋಯಿತು. ಅಳಿದುಳಿದದ್ದು ಲಿಸ್ಬನ್ನಿನಲ್ಲಿ, ರಿಯೋದಲ್ಲಿ ಉಂಟು. ಎಲ್ಲ ಪೋರ್ಚುಗೀಸಿನಲ್ಲಿ.

ಇಂಗ್ಲಿಷ್ ಅನುವಾದ ಸಾಲದೇ ಎಂದು ಕೇಳುವವರಿಗೆ ಒಂದು ಮಾತು. ಆ ಕಾಗದಗಳಲ್ಲಿ 'ಪಗೋಡೆ' ಅಂದರೆ ದೇವಸ್ಥಾನ, ಒಳಗಿನ ಮೂರ್ತಿಯೂ ಪಗೋಡೆ, ನಮ್ಮ ಚಿನ್ನದ ವರಹವೂ ಪಗೋಡೆ! ಅಕ್ಕಿಯ ಲೆಕ್ಕದ ನೂರು ವರಹವನ್ನು ನೂರು ಗುಡಿ ಮಾಡಿದರೆ ಗತಿಯೇನು? ಥಾಮಸ್ ಸ್ಟೀಫನ್ಸ್ ಪಾದ್ರಿಯ 'ಕಾನಾರಿಂ' ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಕನ್ನಡವೆಂದು ಕುಣಿಯಬೇಡಿ, ಅದು ಕೊಂಕಣಿಯದ್ದು.

ಹಾಗಂತ ಬರೀ ಭಾಷೆ ಕಲಿತರೂ ಆಗುವುದಿಲ್ಲ. 'ಪದ್ರುವಾದು' ಎಂಬ ಶಬ್ದಕ್ಕೆ ನಿಘಂಟು ನೋಡಿದವನು 'ಆಶ್ರಯ' ಎಂದು ಬರೆದು ಮುಂದೆ ಹೋಗುತ್ತಾನೆ. ದೇವಶಾಸ್ತ್ರ ಓದಿದವನಿಗೆ ಗೊತ್ತು, ಅದು ಬಿಷಪರನ್ನು ಹೆಸರಿಸಲು ಪೋಪರು ಪೋರ್ಚುಗಲ್ ದೊರೆಗೆ ಕೊಟ್ಟ ಹಕ್ಕು, ಇಗರ್ಜಿ ಸಾಕುವ ಹೊಣೆಯೂ ಅದರಲ್ಲೇ. ಆದ್ದರಿಂದ ಎರಡನ್ನೂ ಒಟ್ಟಿಗೇ ಕಲಿಸಬೇಕೆಂಬುದು ನನ್ನ ವಾದ. ಪಾದ್ರಿಯಾಗುವವರಿಗೆ ಮಾತ್ರವಲ್ಲ. ಕುಶಸ್ಥಳಿಯಿಂದ ಮಂಗೇಶ ದೇವರು ನದಿ ದಾಟಿ ಪ್ರಿಯೋಳಕ್ಕೆ ಹೋದ ಕಾಲ ತಿಳಿಯಬೇಕಾದ ಸಾರಸ್ವತರ ಹುಡುಗನಿಗೂ ಅದೇ ದಫ್ತರ ಬೇಕು.

ಕೆಲಸ ಸಿಗ್ತದಾ ಎಂದು ಅಪ್ಪಂದಿರು ಕೇಳುತ್ತಾರೆ. ನ್ಯಾಯವೇ. ಧರ್ಮಾಧ್ಯಯನಕ್ಕೆ ಸಾಲುಗಟ್ಟಿ ನೌಕರಿ ಇಲ್ಲ, ಸುಳ್ಳು ಯಾಕೆ? ಆದರೆ ಭಾಷೆ ಕೈಯಲ್ಲಿದ್ದರೆ 20 ಕೋಟಿಗೂ ಮಿಕ್ಕಿದ ಬ್ರೆಜಿಲಿನ ವ್ಯಾಪಾರ ಉಂಟು, ಅನುವಾದ ಉಂಟು.

ನಮ್ಮೂರಲ್ಲಿ ಸೆಮಿನರಿ ಇದೆ, ದೇವಶಾಸ್ತ್ರ ಕಾಲೇಜು ಇದೆ, ವಿಶ್ವವಿದ್ಯಾನಿಲಯವೂ ಇದೆ. ಮೂವರೂ ಒಂದು ಮೇಜಿನ ಸುತ್ತ ಕೂತು ಸಂಜೆ ತರಗತಿ ತೆರೆಯಲಿ, ಹತ್ತೇ ಸೀಟಾದರೂ ಸರಿ. ಪೋರ್ಚುಗೀಸ್ ಎಂ.ಎ. ಇರುವ ಗೋವಾ ವಿಶ್ವವಿದ್ಯಾನಿಲಯದಿಂದ ಮೇಷ್ಟ್ರನ್ನು ಕೇಳಬಹುದು. 1595ರಲ್ಲಿ ಶುರುವಾದ ದಫ್ತರಖಾನೆ ಪಣಜಿಯಲ್ಲೇ ಉಂಟು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಚಹಾಕ್ಕೆ ಅಲ್ಲಿ.