ಸರಕಾರದ ಕಡತಗಳ ಗತಿ

ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಪ್ರಮಾಣತ್ರಯವನ್ನು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಅವುಗಳಲ್ಲಿ ಲಿಖಿತಕ್ಕೇ ಮೊದಲ ಸ್ಥಾನ. ಲೇಖ್ಯವು ಅಳಿಸಿದರೆ, ಕಳುವಾದರೆ, ಸುಟ್ಟರೆ, ಹರಿದರೆ ಬೇರೊಂದನ್ನು ಬರೆಯಿಸತಕ್ಕದ್ದೆಂದೂ ಅದೇ ಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನೆಂಬುದು ಕನ್ನಡಿಗರಿಗೆ ವಿದಿತವೇ ಸರಿ. ಕೌಟಿಲ್ಯನಂತೂ ಅಕ್ಷಪಟಲವೆಂಬ ಲೆಕ್ಕದ ಕಚೇರಿಯನ್ನು ಕಟ್ಟಿಸುವಾಗಲೇ ನಿಬಂಧಪುಸ್ತಕಗಳಿಗೆ ಸ್ಥಾನವನ್ನು ಏರ್ಪಡಿಸಬೇಕೆನ್ನುತ್ತಾನೆ. ಒಬ್ಬ ಸಾಹುಕಾರನ ಸಾಲಪತ್ರಕ್ಕೆ ಇಷ್ಟು ಕಟ್ಟುಪಾಡಿರಲು, ಕೋಟ್ಯಂತರ ಪ್ರಜೆಗಳ ಯೋಗಕ್ಷೇಮವನ್ನು ನಿರ್ಣಯಿಸಿದ ರಾಜ್ಯದ ಕಡತಕ್ಕೆ ಎಷ್ಟಿರಬೇಡ?

ಭಾರತ ಸರಕಾರಕ್ಕೆ ದಫ್ತರಖಾನೆಯೇ ಇಲ್ಲವೆಂದಲ್ಲ. 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಹುಟ್ಟಿದ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟೇ ಇಂದು ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಆದರೆ 2022ರ ಡಿಸೆಂಬರಿನಲ್ಲಿ ಅದರ ಮಹಾನಿರ್ದೇಶಕರೇ ಸಭೆಯೊಂದರಲ್ಲಿ ನುಡಿದುದೇನು? 1962, 1965, 1971ರ ಯುದ್ಧಗಳ ಕಡತಗಳಾಗಲಿ, ಹಸುರು ಕ್ರಾಂತಿಯ ಕಡತಗಳಾಗಲಿ ಪತ್ರಾಗಾರದಲ್ಲಿಲ್ಲವೆಂದು! 151 ಸಚಿವಾಲಯ ಮತ್ತು ಇಲಾಖೆಗಳ ಪೈಕಿ 36ರ ದಾಖಲೆಗಳು ಮಾತ್ರ ಅಲ್ಲಿದ್ದುವಂತೆ. ಕಾವಲುಗಾರನು ನಿದ್ರಿಸಿದ್ದರಿಂದ ಬಂದ ನಷ್ಟವಲ್ಲವಿದು. ಕಾಯಬೇಕಾದ ವಸ್ತುವನ್ನೇ ಅವನ ಕೈಗೆ ಒಪ್ಪಿಸದಿದ್ದುದರ ಫಲ.

ಇದಕ್ಕೆ ಕೆಲವರು ಸಮಾಧಾನ ಹೇಳುವರು. ಹಳೆಯ ಕಾಗದವೆಲ್ಲ ಕಸ, ಕಚೇರಿಗಳಲ್ಲಿ ಎಡೆಯಿಲ್ಲವೆಂಬುದು ಮೊದಲನೆಯ ಪಕ್ಷ. ಗುಮಾಸ್ತನ ರಜೆಯ ಅರ್ಜಿಯನ್ನು ಆಚಂದ್ರಾರ್ಕವಾಗಿ ಕಾಯಬೇಕೆಂದು ಯಾರೂ ಹೇಳುವುದಿಲ್ಲ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸತಕ್ಕದ್ದೇ; ಆದರೆ ಮೊರ ಯಾರ ಕೈಯಲ್ಲಿದೆಯೆಂಬುದೇ ಪ್ರಶ್ನೆ. 2021ರಿಂದ ಕೇಂದ್ರ ಸರಕಾರದ ಕಚೇರಿಗಳಲ್ಲಿ ಅಕ್ಟೋಬರ್ ತಿಂಗಳ ಸ್ವಚ್ಛತಾ ಅಭಿಯಾನಗಳು ನಡೆದಿವೆ. ತೆರವಾದ ಜಾಗ ಎಷ್ಟು ಚದರಡಿ, ರದ್ದಿಯಿಂದ ಬಂದ ಹಣವೆಷ್ಟು ಎಂದು ಅವುಗಳ ಲೆಕ್ಕವನ್ನು ಹೆಮ್ಮೆಯಿಂದ ಸಾರಲಾಗಿದೆ. ಇತಿಹಾಸವನ್ನು ಚದರಡಿಯಿಂದಲೂ ತಕ್ಕಡಿಯಿಂದಲೂ ಅಳೆಯುವ ವಿದ್ಯೆಯನ್ನು ಯಾವ ಶಾಸ್ತ್ರವೂ ಬೋಧಿಸಿಲ್ಲ.

ಯಂತ್ರದಲ್ಲಿ ಪ್ರತಿಬಿಂಬ ತೆಗೆದಿಟ್ಟರೆ ಸಾಕೆಂಬುದು ಎರಡನೆಯ ಪಕ್ಷ. ಪತ್ರಾಗಾರವು ‘ಅಭಿಲೇಖ್ ಪಟಲ್’ ಎಂಬ ಅಂತರಜಾಲ ಭಂಡಾರದ ಮೂಲಕ ಲಕ್ಷಾಂತರ ಪುಟಗಳನ್ನು ಮನೆಮನೆಗೆ ತಲುಪಿಸಿರುವುದು ಶ್ಲಾಘ್ಯವೇ. ಆದರೆ ಬಾರದ ಕಡತಕ್ಕೆ ಬಿಂಬವೆಲ್ಲಿಯದು?

ರಾಜ್ಯರಹಸ್ಯವು ಬಯಲಾಗುವುದೆಂಬುದು ಮೂರನೆಯ ಪಕ್ಷ. ರಹಸ್ಯವನ್ನು ಕಾಯುವುದು ಬೇರೆ, ರಹಸ್ಯದ ಹೆಸರಿನಲ್ಲಿ ಮರೆಯುವುದು ಬೇರೆ. ಅರುವತ್ತು ವರ್ಷ ಕಳೆದ ಮೇಲೂ ತೆರೆಯದ ಪೆಟ್ಟಿಗೆಯಲ್ಲಿ ರಹಸ್ಯ ಉಳಿದಿದೆಯೋ, ಗೆದ್ದಲು ಉಳಿದಿದೆಯೋ ಬಲ್ಲವರಾರು?

ದೋಷದ ಮೂಲವು 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯಲ್ಲಿಯೇ ಇದೆ. 1892ಕ್ಕೆ ಹಿಂದಿನ ಕಡತವನ್ನು, ಉಪಯೋಗಕ್ಕೆ ಬಾರದಷ್ಟು ಕೆಟ್ಟಿದೆಯೆಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶಮಾಡಕೂಡದೆಂದು ಅದು ಕಟ್ಟುಮಾಡಿತು. ಕ್ರಮತಪ್ಪಿ ನಾಶಮಾಡಿದವನಿಗೆ 5 ವರ್ಷದವರೆಗೆ ಸೆರೆ, ಇಲ್ಲವೆ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿತು. ಆದರೆ ಒಪ್ಪಿಸದೆ ಸುಮ್ಮನಿದ್ದವನಿಗೆ ಶಿಕ್ಷೆಯನ್ನೇ ಹೇಳಲಿಲ್ಲ. ಸುಟ್ಟವನು ಅಪರಾಧಿ, ಕೊಳೆಯಿಸಿದವನು ನಿರಪರಾಧಿ!

ಆದುದರಿಂದ ಆಗಬೇಕಾದವು ಮೂರು. ಕಾಲಕ್ಕೆ ಸರಿಯಾಗಿ ಕಡತವನ್ನು ಒಪ್ಪಿಸದ ಅಧಿಕಾರಿಯು ದಂಡಾರ್ಹನಾಗಬೇಕು. ರದ್ದಿಗೆ ಹೋಗುವ ಮುನ್ನ ಪ್ರತಿಯೊಂದು ಕಂತೆಯೂ ಪತ್ರಾಗಾರದ ಪರೀಕ್ಷಕರ ಕಣ್ಣಿಗೆ ಬೀಳಬೇಕು. ಯಾವ ಸಚಿವಾಲಯವು ಎಷ್ಟು ಒಪ್ಪಿಸಿತು, ಎಷ್ಟು ನಾಶಪಡಿಸಿತು ಎಂಬ ಪಟ್ಟಿಯು ವರ್ಷವರ್ಷವೂ ಪ್ರಜೆಗಳ ಮುಂದೆ ಬರಬೇಕು.

ಕಡತವೆಂಬ ಮಾತೇ ಕನ್ನಡನಾಡಿನ ಹಳೆಯ ಲೆಕ್ಕದ ಪುಸ್ತಕದ್ದು. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಕಪ್ಪನ್ನೂ ಬಳಿದು, ಬಳಪದಿಂದ ಬರೆದು ಮಡಿಸಿಡುತ್ತಿದ್ದರು. ಒದ್ದೆ ಬಟ್ಟೆಯಿಂದ ಒರಸಿದರೆ ಅಳಿದುಹೋಗುವ ಬರಹವದು. ಆದರೂ ಅಂಥ ಕಡತಗಳೆಷ್ಟೋ ಇಂದಿಗೂ ಉಳಿದಿವೆ. ಕಾಯಬೇಕೆಂಬ ಬುದ್ಧಿ ಹಿಂದಿನವರಿಗಿತ್ತು. ಇಂದು ಕೊರತೆಯಾಗಿರುವುದು ಕಾಗದವೂ ಅಲ್ಲ, ಕಟ್ಟಡವೂ ಅಲ್ಲ, ಆ ಬುದ್ಧಿ.