ಪಾಯಿಂಟ್ ಗಾರ್ಡ್ ಒಬ್ಬನೇ ಏನು ಮಾಡಿಯಾನು?

ತಾಲೂಕು ಮಟ್ಟದ ಪಿಯು ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ನಾವು ಒಂಬತ್ತು ಅಂಕಗಳಿಂದ ಸೋತೆವು. ಬಸ್ಸಿನಲ್ಲಿ ಮರಳುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: “ನಮ್ಮ ಪಾಯಿಂಟ್ ಗಾರ್ಡ್ ಪಾಸ್ ಕೊಡುವುದು ಬಿಟ್ಟು ಹೀರೋ ಆಗಲು ಹೋದ, ಅದಕ್ಕೇ ಸೋತೆವು.” ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಅವನು ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ಕುಳಿತಿದ್ದ. ಅಂದಿನಿಂದ ಅವನು ಅಭ್ಯಾಸಕ್ಕೆ ಬಂದಿಲ್ಲ.

ನಾನು ಆಡಿದ ಮಾತು ತಪ್ಪು ಎಂದು ಈಗ ಅನ್ನಿಸುತ್ತಿದೆ. ಎಲ್ಲರ ಎದುರಿಗೆ ಆಡಿದ ಮಾತನ್ನು ಎಲ್ಲರ ಎದುರಿಗೇ ಹಿಂದಕ್ಕೆ ಪಡೆಯಬೇಕು. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಬಾಸ್ಕೆಟ್‌ಬಾಲ್ ತಂಡದಲ್ಲಿ ಒಮ್ಮೆಗೆ ಐವರು ಆಡುತ್ತಾರೆ. ಚೆಂಡನ್ನು ಪುಟಿಸುತ್ತಾ ಮುಂದೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವವನು ಪಾಯಿಂಟ್ ಗಾರ್ಡ್. ಬುಟ್ಟಿಯ ಹತ್ತಿರ ನಿಂತು ಆಡುವವನು ಸೆಂಟರ್. ಸಾಮಾನ್ಯವಾಗಿ ತಂಡದಲ್ಲೇ ಎತ್ತರದವನು. ಒಳ್ಳೆಯ ಪಾಯಿಂಟ್ ಗಾರ್ಡ್ ಎಂದರೆ ಪಾಸ್ ಕೊಡುವವನು, ತಾನೇ ಎಸೆಯುವವನು ಸ್ವಾರ್ಥಿ ಎಂದು ನಾವು ನಂಬಿಕೊಂಡಿದ್ದೇವೆ. ಅವನ ಕೆಲಸವನ್ನು ಇಂಥ ಒಂದೇ ನಿಯಮಕ್ಕೆ ಕಟ್ಟಿಹಾಕಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದ ನಾಲ್ವರು ಯಾರು, ಅವರಿಗೆ ಏನು ಬರುತ್ತದೆ, ಅಂದು ಯಾರು ಇಲ್ಲ ಎಂಬುದರ ಮೇಲೆ ಆ ಕೆಲಸ ನಿರ್ಧಾರವಾಗುತ್ತದೆ.

ಇದಕ್ಕೆ ಮ್ಯಾಜಿಕ್ ಜಾನ್ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಅವರು ಆಡಿದ್ದು ಒಂದೇ ತಂಡಕ್ಕೆ, ಲಾಸ್ ಏಂಜಲೀಸ್ ಲೇಕರ್ಸ್‌ಗೆ. ಆದರೂ ಅವರ ಕೆಲಸ ಮತ್ತೆ ಮತ್ತೆ ಬದಲಾಯಿತು.

1979ರಲ್ಲಿ ಅವರು ತಂಡ ಸೇರಿದಾಗ ಅಲ್ಲಿ ಸೆಂಟರ್ ಆಗಿದ್ದವರು ಕರೀಮ್ ಅಬ್ದುಲ್ ಜಬ್ಬಾರ್. ಇಸ್ಲಾಂ ಸ್ವೀಕರಿಸಿದ ಆಟಗಾರ ಎಂದು ನಮ್ಮಲ್ಲಿ ಹಲವರು ಕರೀಮ್ ಹೆಸರು ಕೇಳಿರುತ್ತೇವೆ. ತಂಡದ ಆಟ ಅವರ ಸುತ್ತ ಇತ್ತು. ಚೆಂಡು ತರಲು ನಾರ್ಮ್ ನಿಕ್ಸನ್ ಎಂಬ ಇನ್ನೊಬ್ಬ ಗಾರ್ಡ್ ಕೂಡ ಇದ್ದರು. ಹೀಗಾಗಿ ಮ್ಯಾಜಿಕ್ ಆ ಕೆಲಸವನ್ನು ಹಂಚಿಕೊಂಡೇ ಆಡಬೇಕಿತ್ತು.

1980ರ ಫೈನಲ್‌ನಲ್ಲಿ ಐದು ಪಂದ್ಯ ಮುಗಿದಾಗ ಲೇಕರ್ಸ್ 3-2ರಿಂದ ಮುಂದಿತ್ತು. ಆದರೆ ಐದನೇ ಪಂದ್ಯದಲ್ಲಿ ಕರೀಮ್ ಪಾದದ ಕೀಲು ಉಳುಕಿತ್ತು. ಆರನೇ ಪಂದ್ಯಕ್ಕೆ ಫಿಲಡೆಲ್ಫಿಯಾಗೆ ಹೋಗಲು ಅವರಿಗೆ ಆಗಲಿಲ್ಲ. ಅಂದು ಸೆಂಟರ್ ಜಾಗದಲ್ಲಿ ಆಟ ಆರಂಭಿಸಿದವರು ಇಪ್ಪತ್ತು ವರ್ಷದ ಮ್ಯಾಜಿಕ್. ಅವರು 42 ಅಂಕ, 15 ರೀಬೌಂಡ್, 7 ಅಸಿಸ್ಟ್ ಗಳಿಸಿದರು. ಲೇಕರ್ಸ್ 123-107ರಿಂದ ಗೆದ್ದು ಚಾಂಪಿಯನ್ ಆಯಿತು. ಅಂದು ಮ್ಯಾಜಿಕ್ ಹೆಚ್ಚು ಎಸೆದದ್ದನ್ನು ಯಾರೂ ಸ್ವಾರ್ಥ ಎನ್ನಲಿಲ್ಲ.

1983ರಲ್ಲಿ ತಂಡ ನಿಕ್ಸನ್ ಅವರನ್ನು ಬಿಟ್ಟುಕೊಟ್ಟು ಬೈರನ್ ಸ್ಕಾಟ್ ಅವರನ್ನು ತಂದಿತು. ಚೆಂಡು ನಡೆಸುವ ಹೊಣೆ ಮ್ಯಾಜಿಕ್ ಕೈಗೆ ಬಂತು. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 10.5 ಇದ್ದ ಅವರ ಅಸಿಸ್ಟ್ ಸರಾಸರಿ 13.1ಕ್ಕೆ ಏರಿತು. 1986-87ರ ಹೊತ್ತಿಗೆ ಕರೀಮ್‌ಗೆ ನಲವತ್ತು ಸಮೀಪಿಸಿತ್ತು. ಆಗ ಕೋಚ್ ಪ್ಯಾಟ್ ರೈಲಿ, ನೀನೇ ಹೆಚ್ಚು ಅಂಕ ಗಳಿಸಬೇಕು ಎಂದು ಮ್ಯಾಜಿಕ್‌ಗೆ ಜವಾಬ್ದಾರಿ ಒಪ್ಪಿಸಿದರು. ಆ ವರ್ಷ ಅವರ ಸರಾಸರಿ 23.9 ಅಂಕ, ಅವರ ವೃತ್ತಿಜೀವನದಲ್ಲೇ ಅದು ಅತಿ ಹೆಚ್ಚು. ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಮೊದಲ ಬಾರಿ ಅವರಿಗೆ ಸಿಕ್ಕಿದ್ದೂ ಆಗಲೇ.

ಈಗ ಹೇಳಿ, ಮ್ಯಾಜಿಕ್ ಪಾಸ್ ಕೊಡುವ ಗಾರ್ಡೋ, ಅಂಕ ಗಳಿಸುವ ಗಾರ್ಡೋ? ತಂಡದಲ್ಲಿ ಏನು ಕಡಿಮೆ ಇತ್ತೋ ಅದನ್ನು ತುಂಬಿದವರು ಎನ್ನಬೇಕಷ್ಟೆ.

“ಹಾಗಾದರೆ ಸೋತಾಗಲೆಲ್ಲ ಪರಿಸ್ಥಿತಿಯ ಮೇಲೆ ತಪ್ಪು ಹೊರಿಸಬಹುದಲ್ಲ” ಎಂದು ನೀವು ಕೇಳಬಹುದು. ಇಲ್ಲ. ಮ್ಯಾಜಿಕ್ ಎತ್ತರ ಆರಡಿ ಒಂಬತ್ತು ಅಂಗುಲ. ಆ ಎತ್ತರದ ಗಾರ್ಡ್ ಸೆಂಟರ್ ಜಾಗಕ್ಕೆ ಹೋಗಬಲ್ಲ, ಎಲ್ಲರಿಂದಲೂ ಅದು ಆಗದು. ಜೊತೆಗೆ ಅವರು ಹೊಸದನ್ನು ಕಲಿತರು. 1987ರ ಫೈನಲ್‌ನ ನಾಲ್ಕನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಬಾಸ್ಟನ್ ತಂಡದ ವಿರುದ್ಧ ಒಂದು ಅಂಕದ ಗೆಲುವು ತಂದದ್ದು ಮ್ಯಾಜಿಕ್ ಎಸೆದ ಹುಕ್ ಶಾಟ್. ಅದು ಕರೀಮ್ ಅವರ ಹೆಸರಾಂತ ಹೊಡೆತದ ಮಾದರಿಯದು. ಪರಿಸ್ಥಿತಿ ಬದಲಾದಾಗ ಗಾರ್ಡ್ ಕಲಿಯಬೇಕು ನಿಜ. ಆದರೆ ಕಲಿಯಬೇಕಾದವನು ಅವನೊಬ್ಬನೇ ಅಲ್ಲ. 1980ರ ಆ ಆರನೇ ಪಂದ್ಯದಲ್ಲಿ ಜಮಾಲ್ ವಿಲ್ಕ್ಸ್ ಎಂಬ ಸಹ ಆಟಗಾರ 37 ಅಂಕ ಗಳಿಸಿದ್ದರು. ಎಲ್ಲರೂ ಮ್ಯಾಜಿಕ್ ಹೆಸರನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ.

ನಮ್ಮ ಸೆಮಿಫೈನಲ್‌ಗೆ ಬರೋಣ. ನಮ್ಮ ಸೆಂಟರ್‌ಗೆ ಆ ದಿನ ಜ್ವರ. ವರ್ಷವಿಡೀ ನಾವು ಕಲಿತದ್ದು ಒಂದೇ ಆಟ: ಚೆಂಡನ್ನು ಎತ್ತರದ ಹುಡುಗನಿಗೆ ತಲುಪಿಸುವುದು. ಅವನೇ ಇಲ್ಲದಿದ್ದಾಗ ಪಾಯಿಂಟ್ ಗಾರ್ಡ್ ಪಾಸ್ ಯಾರಿಗೆ ಕೊಡಬೇಕಿತ್ತು? ಪಿ.ಡಿ. ಸರ್ ಮೊಬೈಲ್‌ನಲ್ಲಿ ತೆಗೆದ ವಿಡಿಯೋವನ್ನು ನಾನು ಮತ್ತೆ ನೋಡಿದೆ. ದ್ವಿತೀಯಾರ್ಧದಲ್ಲಿ ಅವನು ಎಸೆಯುವ ಮುನ್ನ ಎಡಗಡೆಗೆ, ಅಂದರೆ ನನ್ನ ಕಡೆಗೆ, ಮತ್ತೆ ಮತ್ತೆ ನೋಡುತ್ತಾನೆ. ನಾನು ಎದುರಾಳಿಯ ಬೆನ್ನ ಹಿಂದೆ ಕಂಬದ ಹಾಗೆ ನಿಂತಿದ್ದೇನೆ. ಒಮ್ಮೆಯೂ ಓಡಿ ಜಾಗ ಮಾಡಿಕೊಂಡಿಲ್ಲ. ಅವನು ಹೀರೋ ಆಗಲು ಹೋಗಿರಲಿಲ್ಲ, ನಾವು ಅವನನ್ನು ಒಂಟಿ ಮಾಡಿದ್ದೆವು.

ಅದಕ್ಕೆ ತಂಡದ ಮುಂದೆ ನನ್ನದೊಂದು ಸಲಹೆ ಇದೆ. ಅಸರ್ ನಮಾಝ್ ಮುಗಿಸಿ ಅಭ್ಯಾಸಕ್ಕೆ ಸೇರಿದಾಗ ದಿನವೂ ಹದಿನೈದು ನಿಮಿಷ ಸೆಂಟರ್ ಇಲ್ಲದೆ ಆಡೋಣ. ಇನ್ನೊಂದು ಹದಿನೈದು ನಿಮಿಷ ಪಾಯಿಂಟ್ ಗಾರ್ಡ್ ಇಲ್ಲದೆ ಆಡೋಣ. ಚೆಂಡು ತರುವ ಕಷ್ಟ ನಮಗೂ ತಿಳಿಯಲಿ. ಸೋತ ದಿನ ಬಸ್ಸಿನಲ್ಲಿ ಯಾರ ಹೆಸರನ್ನಾದರೂ ಎತ್ತುವ ಮೊದಲು, ಅವನಿಗೆ ನಾನೇನು ಕೊಟ್ಟೆ ಎಂದು ಒಮ್ಮೆ ಕೇಳಿಕೊಳ್ಳೋಣ.

ಈ ಬರಹವನ್ನು ಮೊದಲು ಅವನಿಗೇ ಓದಲು ಕೊಟ್ಟೆ. ಹೆಸರು ಹಾಕಬೇಡ ಎಂದ, ಹಾಕಿಲ್ಲ. ಅಭ್ಯಾಸಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ “ನೋಡೋಣ, ಇನ್‌ಶಾ ಅಲ್ಲಾಹ್” ಎಂದಿದ್ದಾನೆ. ಬಾರೋ ಮಾರಾಯ. ಈ ಸಲ ಎಡಗಡೆ ನಾನು ಓಡುತ್ತಿರುತ್ತೇನೆ.