ಹದಿನಾಲ್ಕರಿಂದ ಇಪ್ಪತ್ತೊಂದು: ಮುಂಬಯಿ ಕೈಬಿಟ್ಟ ಏಳು ವರ್ಷ

ಹುಡುಗನೊಬ್ಬ ದೊಡ್ಡವನಾಗುವುದು ಯಾವ ವಯಸ್ಸಿಗೆ ಎಂದು ಮಹಾರಾಷ್ಟ್ರದಲ್ಲಿ ಜಾರಿಯಲ್ಲಿರುವ ಕಾನೂನುಗಳನ್ನು ಕೇಳಿದರೆ ಒಂದೊಂದೂ ಒಂದೊಂದು ಲೆಕ್ಕ ಹೇಳುತ್ತದೆ. ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ. ಘೋರ ಅಪರಾಧದ ಆರೋಪ ಬಂದರೆ 16 ದಾಟಿದವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಮತದಾನಕ್ಕೆ 18, ಗಂಡಿನ ಮದುವೆಗೆ 21. ಮದುವೆಯಾಗಿ ಮಕ್ಕಳಾದವನೂ ಈ ರಾಜ್ಯದಲ್ಲಿ ವಿಸ್ಕಿಗೆ 25 ತುಂಬುವವರೆಗೆ ಕಾಯಬೇಕು! ಈ ಗೊಂದಲಕ್ಕೆ ನಗಬಹುದು, ಆದರೆ ಕೊರತೆ ಇರುವುದು ಬೇರೆ ಕಡೆ. ಇಂಥ ವಯಸ್ಸಿನವರೆಗೆ ಇಂಥದ್ದು ಕೂಡದು ಎಂದು ಕಾನೂನು ಹೇಳುತ್ತದೆ. ಆ ವಯಸ್ಸು ತಲುಪುವಷ್ಟರಲ್ಲಿ ಹುಡುಗನಿಗೆ ಏನೇನು ತಿಳಿದಿರಬೇಕು, ತಿಳಿಸಿಕೊಡುವವರು ಯಾರು ಎಂಬುದನ್ನು ಯಾರೂ ಹೊತ್ತುಕೊಂಡಿಲ್ಲ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಆ ಹೊಣೆಯನ್ನು ಕೆಲವರು ಹೊತ್ತಿದ್ದರು. ಅವರ ವ್ಯವಸ್ಥೆ ಅರ್ಧ ಕ್ರೂರವಾಗಿತ್ತು. ಆ ಕ್ರೌರ್ಯವನ್ನು ನಾವು ಬಿಟ್ಟದ್ದು ಸರಿ. ಅದರೊಳಗಿದ್ದ ವಿವೇಕವನ್ನೂ ಜೊತೆಗೇ ಬಿಟ್ಟದ್ದು ತಪ್ಪಾಯಿತು.

ಕಳೆದ ಶತಮಾನದ ಬಹುಭಾಗ ಅವಿಭಜಿತ ದಕ್ಷಿಣ ಕನ್ನಡದ ಹುಡುಗರು ಮೀಸೆ ಮೂಡುವ ಮೊದಲೇ ಊರು ಬಿಟ್ಟು, ಪರಿಚಯದವರ ಬೆನ್ನಿಗೆ ಬಿದ್ದು, ಹಡಗಿನಲ್ಲೋ ಬಸ್ಸಿನಲ್ಲೋ ಮುಂಬಯಿಗೆ ಬಂದರು. ಫೋರ್ಟ್, ಮಾಟುಂಗ, ದಾದರಿನ ಹೋಟೆಲು, ಕ್ಯಾಂಟೀನುಗಳಲ್ಲಿ ಅವರಿಗೆ ಮೊದಲು ಸಿಗುತ್ತಿದ್ದುದು ಮೋರಿಯ ಕೆಲಸ, ಅಂದರೆ ಕಪ್ಪು ಬಸಿ ತೊಳೆಯುವುದು. ಅಲ್ಲಿಂದ ಮೇಜು ಒರೆಸುವ ಫಡ್ಕಾ, ಆಮೇಲೆ ಸುತ್ತಲಿನ ಆಫೀಸುಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ, ನಂತರ ವೇಟರ್, ಕೊನೆಗೆ ನಂಬಿಕಸ್ಥನಾದರೆ ಗಲ್ಲಾಪೆಟ್ಟಿಗೆ. ಬಾಹರ್‌ವಾಲಾ ಆದ ದಿನದಿಂದ ಹುಡುಗ ಯಾರ ಖಾತೆಗೆ ಎಷ್ಟು ಚಹಾ ಎಂಬ ಲೆಕ್ಕಕ್ಕೆ ತಾನೇ ಜವಾಬುದಾರ. ಅರ್ಧ ಚಹಾ ಹೆಚ್ಚುಕಡಿಮೆಯಾದರೂ ಧಣಿಯ ಮುಂದೆ ನಿಂತು ಉತ್ತರ ಹೇಳಬೇಕಾದವನು ಅವನೇ. ಸಂಜೆ ಏಳರ ಹೊತ್ತಿಗೆ ಅದೇ ಹುಡುಗ ಮೊಗವೀರ ರಾತ್ರಿ ಶಾಲೆಯಲ್ಲೋ ಬಿಲ್ಲವರ ಅಸೋಸಿಯೇಶನ್ ನಡೆಸುತ್ತಿದ್ದ ಗುರುನಾರಾಯಣ ರಾತ್ರಿ ಶಾಲೆಯಲ್ಲೋ ಪುಸ್ತಕ ಹಿಡಿದು ಕೂರುತ್ತಿದ್ದ. ಮರಳಿ ಬಂದು, ಹೋಟೆಲಿನ ಶಟರ್ ಎಳೆದ ಮೇಲೆ ಬಾಕುಗಳ, ಅಂದರೆ ಬೆಂಚುಗಳ, ಮೇಲೆ ನಿದ್ದೆ. ತಿಂಗಳ ಕೊನೆಗೆ ಊರಿಗೆ ಮನಿಯಾರ್ಡರ್. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್, ಮುಂದೆ ಸ್ವಂತ ವ್ಯಾಪಾರಕ್ಕೆ ಇಳಿಯುವವರಿಗೆ ಸಾಲ ಸಿಗಲೆಂದು 1978ರಲ್ಲಿ ಭಾರತ್ ಬ್ಯಾಂಕನ್ನೂ ಕಟ್ಟಿತು. ಮೋರಿಯಿಂದ ಬ್ಯಾಂಕಿನ ಸಾಲದವರೆಗಿನ ಈ ದಾರಿಯಲ್ಲಿ ಹೊಣೆ ಒಮ್ಮೆಲೇ ತಲೆಗೆ ಬೀಳುತ್ತಿರಲಿಲ್ಲ, ಹಂತಹಂತವಾಗಿ ಹೆಗಲೇರುತ್ತಿತ್ತು. ಪ್ರತಿ ಹಂತದಲ್ಲೂ ಹುಡುಗನ ಹೆಸರು, ಮನೆತನ ಬಲ್ಲ ಹಿರಿಯನೊಬ್ಬ ಇರುತ್ತಿದ್ದ.

ಇದು ಬಾಲಕಾರ್ಮಿಕ ಪದ್ಧತಿಗೆ ಹೊದಿಸುವ ಜರಿಶಾಲು ಎಂಬ ಆಕ್ಷೇಪ ಸಹಜವಾಗಿ ಬರುತ್ತದೆ, ಬರಬೇಕಾದದ್ದೇ. ರಾತ್ರಿ ಶಾಲೆ ಓದಿ ಹೋಟೆಲ್ ಮಾಲೀಕರೋ ವಕೀಲರೋ ಬ್ಯಾಂಕ್ ಅಧಿಕಾರಿಗಳೋ ಆದವರ ಅಭಿನಂದನ ಗ್ರಂಥಗಳು ನಮ್ಮ ಮುಂದಿವೆ. ಮೋರಿಯಲ್ಲೇ ಉಳಿದವರ, ಕ್ಷಯ ಹಿಡಿದು ಊರಿಗೆ ಮರಳಿದವರ, ನಡುವೆ ಎಲ್ಲೋ ಕಾಣೆಯಾದವರ ಗ್ರಂಥ ಯಾರೂ ಬರೆದಿಲ್ಲ. ಗೆದ್ದವರನ್ನಷ್ಟೇ ಎಣಿಸಿ ವ್ಯವಸ್ಥೆಯನ್ನು ಹೊಗಳುವಂತಿಲ್ಲ. ಹೆಣ್ಣುಮಕ್ಕಳಂತೂ ಈ ಕಥೆಯಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಅವರ ಪಾಲಿಗೆ ಬಾಲ್ಯ ಮುಗಿಯುತ್ತಿದ್ದುದು ಮದುವೆಯಿಂದ. ಹನ್ನೊಂದಕ್ಕೆ ಮದುವೆಯಾದ ರಖಮಾಬಾಯಿ ಗಂಡನ ಮನೆಗೆ ಹೋಗಲೊಲ್ಲೆ ಎಂದಾಗ ಮುಂಬಯಿ ಹೈಕೋರ್ಟು 1887ರಲ್ಲಿ, ಹೋಗು ಇಲ್ಲವೇ ಜೈಲು ಸೇರು ಎಂದಿತು. ಆ ಮೊಕದ್ದಮೆ ಎಬ್ಬಿಸಿದ ಚರ್ಚೆಯೂ ಸೇರಿ 1891ರಲ್ಲಿ ಸಮ್ಮತಿಯ ವಯಸ್ಸು 10ರಿಂದ 12ಕ್ಕೆ ಏರಿತು. ಆದ್ದರಿಂದ ವಯಸ್ಸಿನ ಗಡಿಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಈ ನಗರದಲ್ಲಿ ಅವಕ್ಕಾಗಿ ಹೋರಾಟವೇ ನಡೆದಿದೆ. 14ರ ಒಳಗಿನ ಮಕ್ಕಳು ಹೋಟೆಲುಗಳಲ್ಲಿ, ಮನೆಗೆಲಸದಲ್ಲಿ ದುಡಿಯಕೂಡದು ಎಂದು 2006ರ ಅಕ್ಟೋಬರಿನಲ್ಲಿ ಬಂದ ನಿಷೇಧವೂ, ಅದನ್ನು ಎಲ್ಲ ಉದ್ಯೋಗಗಳಿಗೆ ವಿಸ್ತರಿಸಿದ 2016ರ ತಿದ್ದುಪಡಿಯೂ ಆ ಸಾಲಿಗೇ ಸೇರಿದವು. ಅವುಗಳಿಂದ ಒಂದಿಂಚೂ ಹಿಂದೆ ಸರಿಯಬೇಕಿಲ್ಲ.

ಪ್ರಶ್ನೆ ಇರುವುದು 14 ತುಂಬಿದ ಮರುದಿನದ್ದು. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಅವುಗಳಲ್ಲಿ ಹೆಚ್ಚಿನವು ಏಳು ಅಥವಾ ಎಂಟನೆಯ ತರಗತಿಗೆ ನಿಲ್ಲುತ್ತವೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಕನ್ನಡದಲ್ಲಿ ಎಂಟನೆಯದು ಮುಗಿಸಿದರೆ ಮುಂದೆ ವಡಾಲದ ಎನ್‌ಕೆಇಎಸ್‌ನಂಥ ಕೆಲವೇ ಪ್ರೌಢಶಾಲೆಗಳು. ಗೋರೆಗಾಂವ್, ಮಾಲಾಡಿನ ಜೋಪಡಿಯಿಂದ ದಿನಾ ಅಲ್ಲಿಗೆ ಹೋಗಿಬರುವುದು ಎಷ್ಟು ಮನೆಗಳಿಗೆ ಸಾಧ್ಯ? ಹುಡುಗ ಮೇಸ್ತ್ರಿಯ ಕೈಕೆಳಗೆ ಸೇರುತ್ತಾನೆ, ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾಳೆ. ಅಪಾಯಕಾರಿ ಉದ್ಯೋಗಗಳ ಪಟ್ಟಿಗೆ ಸೇರದ ಕೆಲಸವನ್ನು 14ರಿಂದ 18ರವರು ಮಾಡಲು ಕಾನೂನಿನ ಅಡ್ಡಿಯಿಲ್ಲ. ಹಿಂದಿನ ಹೋಟೆಲ್ ಮಾಣಿಗೆ ಕೆಲಸದ ಜೊತೆಗೆ ಶಾಲೆಯಿತ್ತು, ಜಾತಿಸಂಘವಾದರೂ ಒಂದು ಸಂಘವಿತ್ತು. ಇವರಿಗೆ ಕೆಲಸ ಮಾತ್ರ ಇದೆ. ಇದ್ದ ರಾತ್ರಿ ಶಾಲೆಗಳಿಗೂ ಸರ್ಕಾರವೇ ಪೆಟ್ಟು ಕೊಟ್ಟಿತು. ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲೂ ಪಾಠ ಹೇಳುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಲ್ಲಿಸಿದಾಗ ಎಷ್ಟೋ ತರಗತಿಗಳಲ್ಲಿ ವಿಷಯ ಬಲ್ಲವರೇ ಇಲ್ಲವಾದರು. ದುಡಿದು ಬಂದು ಬೆಂಚಿನ ಮೇಲೆ ಕೂತ ಹುಡುಗ ನಾಲ್ಕು ದಿನ ಖಾಲಿ ಕರಿಹಲಗೆ ನೋಡಿದರೆ ಐದನೆಯ ದಿನ ಬರುವುದಿಲ್ಲ.

ಮಧ್ಯಮವರ್ಗದ ದೂರು ಇದಕ್ಕೆ ತದ್ವಿರುದ್ಧ: ಅಜ್ಜ ಹನ್ನೆರಡಕ್ಕೇ ಮುಂಬಯಿಗೆ ಬಂದಿದ್ದರು, ಮೊಮ್ಮಗ ಇಪ್ಪತ್ತೆಂಟಾದರೂ ಮನೆ ಬಿಟ್ಟು ಕದಲುವುದಿಲ್ಲ. ಸೋಮಾರಿತನದ ಈ ಆರೋಪ ನಿಲ್ಲುವುದಿಲ್ಲ. ಹನ್ನೊಂದು ತಿಂಗಳ ಕರಾರು, ಮುಂಗಡ ಠೇವಣಿ, ದಲ್ಲಾಳಿಯ ಕಮಿಷನ್ ಕೊಟ್ಟು ಮೊದಲ ಸಂಬಳದಲ್ಲಿ ಬೇರೆ ಮನೆ ಮಾಡುವುದು ಈ ನಗರದಲ್ಲಿ ಆಗದ ಮಾತು. ಅಜ್ಜನಿಗೆ ಹೋಟೆಲಿನ ಬಾಕಾದರೂ ಪುಕ್ಕಟೆ ಸಿಕ್ಕಿತ್ತು. ಆದರೆ ದೂರಿನಲ್ಲಿ ಒಂದು ಎಳೆ ಸತ್ಯವಿದೆ. ಕೋಚಿಂಗ್ ಕ್ಲಾಸಿನಿಂದ ಪರೀಕ್ಷೆಗೆ, ಅಲ್ಲಿಂದ ಮತ್ತೊಂದು ಕೋಚಿಂಗಿಗೆ ಸಾಗುವ ಹುಡುಗನಿಗೆ ಇಪ್ಪತ್ತೊಂದರವರೆಗೆ ಯಾರೂ ಒಂದು ಲೆಕ್ಕವನ್ನು ಒಪ್ಪಿಸಿರುವುದಿಲ್ಲ. ಒಬ್ಬನಿಗೆ ಹೊಣೆ ಮೊದಲೇ ಬಿದ್ದು ಕಲಿಕೆ ತಪ್ಪಿತು, ಇನ್ನೊಬ್ಬನಿಗೆ ಕಲಿಕೆಯ ಹೆಸರಿನಲ್ಲಿ ಹೊಣೆ ತಪ್ಪಿತು. ಎರಡನ್ನೂ ಜೋಡಿಸುವ ಮಾದರಿ ಜಗತ್ತಿಗೆ ಹೊಸದಲ್ಲ. ಜರ್ಮನಿಯಲ್ಲಿ ಹದಿಹರೆಯದವರು ವಾರದ ಕೆಲವು ದಿನ ಕಾರ್ಖಾನೆ, ಅಂಗಡಿಗಳಲ್ಲಿ ಕಲಿತು ಉಳಿದ ದಿನ ವೃತ್ತಿಶಾಲೆಗೆ ಹೋಗುತ್ತಾರೆ. ನಮ್ಮಲ್ಲೂ 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಅದು 14ರಿಂದಲೇ ಅನ್ವಯಿಸುತ್ತದೆ.

ಕಲಿಕೆ, ಹೊಣೆ ಎರಡನ್ನೂ ಜೋಡಿಸುವ ಕೆಲಸವನ್ನು ಸಂಘಗಳು ಈಗ ಮಾಡಲಿ ಎನ್ನುವುದು ಸುಲಭ. ಆದರೆ ಅಂದಿನ ಸಂಘಗಳು ಮುಖ್ಯವಾಗಿ ತಮ್ಮ ಜಾತಿಯ, ತಮ್ಮ ಸೀಮೆಯ ಹುಡುಗರನ್ನು ನೋಡಿಕೊಂಡವು. ಇಂದಿನ ಕಟ್ಟಡ ಕಾರ್ಮಿಕನ ಮಗಳಿಗೆ ಅಂಥ ಆಸರೆ ಇಲ್ಲ. ಅನಾಥಾಲಯ, ಬಾಲಗೃಹಗಳಿಂದ 18ಕ್ಕೆ ಹೊರಬೀಳುವವರಿಗಂತೂ ಕಾನೂನಿನಲ್ಲಿ 21ರವರೆಗಿನ ಅನುಪಾಲನೆ (ಆಫ್ಟರ್‌ಕೇರ್) ಒಂದನ್ನು ಬಿಟ್ಟರೆ ಯಾರೂ ಇಲ್ಲ. ಹಾಗಾಗಿ ಇದು ಪಾಲಿಕೆ ಮತ್ತು ರಾಜ್ಯ ಸರ್ಕಾರದ ಕೆಲಸ. ಪಾಲಿಕೆಯ ಪ್ರತಿಯೊಂದು ಮಾಧ್ಯಮದ ಶಾಲೆಯನ್ನೂ ಹತ್ತರವರೆಗೆ ಏರಿಸಬೇಕು. ರಾತ್ರಿ ಶಾಲೆಗೆ ಪೂರ್ಣಾವಧಿ ಶಿಕ್ಷಕರು, ಹುಡುಗಿಯರು ಹೋಗಿಬರಲು ಸುರಕ್ಷಿತ ವ್ಯವಸ್ಥೆ, ಬಾಲಗೃಹ ಬಿಟ್ಟವರಿಗೆ ಮೂರು ವರ್ಷದ ವಸತಿ ಕೊಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ದೇಶದಲ್ಲೇ ಅತಿ ಶ್ರೀಮಂತವಾದ ಈ ಪಾಲಿಕೆಯ ಮುಂದಿನ ಬಜೆಟ್ಟಿನಲ್ಲಿ ಹಣ ಎತ್ತಿಟ್ಟರೆ ಕೆಲಸ ಶುರುವಾಗುತ್ತದೆ.